ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಪಿಎಸ್‌ಎಂಎ ಪೆಟ್ ಸ್ಕ್ಯಾನ್: ಯಾವಾಗ ಮಾಡಿಸಬೇಕು, ಹೇಗೆ ಹೋಗಬೇಕು, ರಿಪೋರ್ಟ್ ಹೇಗೆ ಓದಬೇಕು

ಡಾಕ್ಟರ್ ಕೊಟ್ಟ ಚೀಟಿಯಲ್ಲಿ ಬರೀ "ಪೆಟ್ ಸ್ಕ್ಯಾನ್" ಅಂತ ಇದ್ದರೆ ಅದನ್ನು ಹಿಡಿದುಕೊಂಡು ಸೀದಾ ಸ್ಕ್ಯಾನ್ ಸೆಂಟರಿಗೆ ಹೋಗಬೇಡಿ. ಯಾವ ಔಷಧ ಚುಚ್ಚಿ ಮಾಡುವ ಪೆಟ್ ಅಂತ ಮೊದಲು ಕೇಳಿ. ಪ್ರಾಸ್ಟೇಟ್ ಕ್ಯಾನ್ಸರ್ ಇರುವವರಿಗೆ ಈ ಒಂದು ಪ್ರಶ್ನೆ ತುಂಬಾ ಮುಖ್ಯ. ಮಿಷನ್ ಅದೇ, ಮೇಜು ಅದೇ, ಬಿಲ್ಲೂ ಹೆಚ್ಚುಕಮ್ಮಿ ಅಷ್ಟೇ ಇರಬಹುದು, ಆದರೆ ಕೈಗೆ ಚುಚ್ಚುವ ಔಷಧ ಬೇರೆಯಾದರೆ ಚಿತ್ರದಲ್ಲಿ ಕಾಣುವುದೇ ಬೇರೆ. ತಪ್ಪು ಔಷಧದ ಸ್ಕ್ಯಾನ್ ಮಾಡಿಸಿ "ಎಲ್ಲಾ ನಾರ್ಮಲ್ ಬಂತು" ಅಂತ ಸಮಾಧಾನಪಟ್ಟುಕೊಂಡು ಮನೆಗೆ ಹೋಗುವವರಿದ್ದಾರೆ. ಅದು ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಈ ಔಷಧಕ್ಕೆ ಟ್ರೇಸರ್ ಅನ್ನುತ್ತಾರೆ. ಅದರಲ್ಲಿ ಎರಡು ಭಾಗ ಇರುತ್ತದೆ. ಒಂದು ಭಾಗ ದೇಹದಲ್ಲಿ ತನಗೆ ಬೇಕಾದ ಜಾಗ ಹುಡುಕಿಕೊಂಡು ಹೋಗಿ ಅಂಟಿಕೊಳ್ಳುತ್ತದೆ. ಇನ್ನೊಂದು ಭಾಗ ಸ್ವಲ್ಪ ಹೊತ್ತು ಮಾತ್ರ ವಿಕಿರಣ ಸೂಸುವ ಒಂದು ಅಣು, ಅದು ಎಲ್ಲಿ ಕೂತಿದೆ ಅಂತ ಮಿಷನ್‌ಗೆ ಗೊತ್ತಾಗುತ್ತದೆ. ಹೆಚ್ಚಿನ ಕ್ಯಾನ್ಸರ್‌ಗಳಿಗೆ ಬಳಸುವುದು ಎಫ್‌ಡಿಜಿ, ಅಂದರೆ ಫ್ಲೋರಿನ್-18 ಸೇರಿಸಿದ ಒಂದು ಬಗೆಯ ಸಕ್ಕರೆ. ಜೋರಾಗಿ ಬೆಳೆಯುವ ಗಡ್ಡೆ ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುತ್ತದೆ, ಹಾಗಾಗಿ ಶ್ವಾಸಕೋಶದ್ದೋ ಲಿಂಫೋಮಾನೋ (ದುಗ್ಧಗ್ರಂಥಿಯ ಕ್ಯಾನ್ಸರ್) ಆದರೆ ಎಫ್‌ಡಿಜಿಯಲ್ಲಿ ಚೆನ್ನಾಗಿ ಹೊಳೆಯುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಹಾಗಲ್ಲ. ಅದು ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುತ್ತದೆ, ಸಕ್ಕರೆಯ ಹಸಿವು ಕಮ್ಮಿ. ಅದೂ ಸಾಲದು ಅಂತ ಎಫ್‌ಡಿಜಿ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಪ್ರಾಸ್ಟೇಟ್ ಇರುವುದು ಮೂತ್ರಕೋಶದ ಕೆಳಗೇ ಅಲ್ವಾ, ಮೇಲಿನ ಹೊಳಪಿನಲ್ಲಿ ಕೆಳಗಿನದು ಮುಚ್ಚಿಹೋಗುತ್ತದೆ. ಆದ್ದರಿಂದ ಈ ಕಾಯಿಲೆಯ ಶುರುವಿನಲ್ಲಿ ಎಫ್‌ಡಿಜಿ ಸ್ಕ್ಯಾನ್ ಖಾಲಿ ಬಂದರೆ ಅದರಿಂದ ದೊಡ್ಡ ಧೈರ್ಯ ತಂದುಕೊಳ್ಳಲಾಗದು.

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಈಗ ಕೇಳಬೇಕಾದದ್ದು ಪಿಎಸ್‌ಎಂಎ ಪೆಟ್. ಪಿಎಸ್‌ಎಂಎ ಅನ್ನುವುದು ಪ್ರಾಸ್ಟೇಟ್ ಜೀವಕೋಶದ ಮೇಲ್ಮೈಯಲ್ಲಿರುವ ಒಂದು ಪ್ರೋಟೀನು. ಕ್ಯಾನ್ಸರ್ ಆದ ಜೀವಕೋಶಗಳಲ್ಲಿ ಅದು ಹಲವು ಪಟ್ಟು ಜಾಸ್ತಿ ಇರುತ್ತದೆ. ಈ ಪ್ರೋಟೀನಿಗೆ ಅಂಟುವ ಟ್ರೇಸರ್ ಕೊಟ್ಟರೆ ಪ್ರಾಸ್ಟೇಟಿನೊಳಗೆ ಮಾತ್ರ ಅಲ್ಲ, ಹೊಟ್ಟೆಯ ಕೆಳಭಾಗದ ದುಗ್ಧಗ್ರಂಥಿಗೋ ಬೆನ್ನುಮೂಳೆಗೋ ಹರಡಿದ್ದರೂ ಅಲ್ಲಲ್ಲೇ ಹೊಳೆಯುತ್ತದೆ.

ಇದಕ್ಕೆ ಮುಂಚೆ ಬೇರೆ ದಾರಿಗಳಿದ್ದವು. ಕೋಲಿನ್ ಅನ್ನುವ ವಸ್ತುವಿಗೆ ಕಾರ್ಬನ್-11 ಸೇರಿಸಿದ ಟ್ರೇಸರ್‌ಗೆ ಅಮೆರಿಕದ ಔಷಧ ಇಲಾಖೆ 2012ರಲ್ಲಿ ಒಪ್ಪಿಗೆ ಕೊಟ್ಟಿತು, ಅದರ ಶಕ್ತಿ 20 ನಿಮಿಷಕ್ಕೇ ಅರ್ಧವಾಗುವುದರಿಂದ ಪಕ್ಕದಲ್ಲೇ ಸೈಕ್ಲೋಟ್ರಾನ್ (ಇಂಥ ವಿಕಿರಣ ವಸ್ತು ತಯಾರಿಸುವ ದೊಡ್ಡ ಯಂತ್ರ) ಇದ್ದ ಆಸ್ಪತ್ರೆಗೆ ಮಾತ್ರ ಅದು ಸಾಧ್ಯ. 2016ರಲ್ಲಿ ಫ್ಲುಸಿಕ್ಲೋವಿನ್ ಬಂತು. ಪಿಎಸ್‌ಎಂಎ ಬಂದಮೇಲೆ ಇವೆರಡೂ ಹಿಂದೆ ಸರಿದವು. ಗ್ಯಾಲಿಯಂ-68 ಪಿಎಸ್‌ಎಂಎ-11 ಅನ್ನುವುದನ್ನು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ತಯಾರಿಸಿ 2011ರಲ್ಲಿ ಮೊದಲ ಬಾರಿಗೆ ರೋಗಿಗಳಿಗೆ ಕೊಟ್ಟರು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2020ರ ಡಿಸೆಂಬರಿನಲ್ಲಿ.

ಅದೇ 2020ರಲ್ಲಿ ಆಸ್ಟ್ರೇಲಿಯಾದ ಪ್ರೊಪಿಎಸ್‌ಎಂಎ ಅಧ್ಯಯನದ ಫಲಿತಾಂಶವೂ ಬಂತು. ಕಾಯಿಲೆ ಹರಡುವ ಅಪಾಯ ಜಾಸ್ತಿ ಇದ್ದ 302 ಗಂಡಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹಳೇ ಪದ್ಧತಿಯಂತೆ ಸಿಟಿ ಮತ್ತು ಬೋನ್ ಸ್ಕ್ಯಾನ್, ಇನ್ನೊಂದಕ್ಕೆ ಪಿಎಸ್‌ಎಂಎ ಪೆಟ್ ಮಾಡಿದರು. ಹರಡಿದೆಯೋ ಇಲ್ಲವೋ ಅನ್ನುವುದನ್ನು ಪಿಎಸ್‌ಎಂಎ ಪೆಟ್ ಶೇಕಡ 92ರಷ್ಟು ಸರಿಯಾಗಿ ಹೇಳಿತು, ಸಿಟಿ ಮತ್ತು ಬೋನ್ ಸ್ಕ್ಯಾನ್ ಸೇರಿ ಹೇಳಿದ್ದು ಶೇಕಡ 65. ವಿಕಿರಣದ ಪ್ರಮಾಣವೂ ಅರ್ಧಕ್ಕಿಂತ ಕಮ್ಮಿ, 19.2 ಮಿಲಿಸೀವರ್ಟ್ ಇದ್ದ ಜಾಗದಲ್ಲಿ 8.4. "ಪೆಟ್ ಅಂದರೆ ಜಾಸ್ತಿ ರೇಡಿಯೇಷನ್" ಅಂತ ಹೆದರುವವರು ಈ ಲೆಕ್ಕ ನೋಡಬೇಕು.

ಗ್ಯಾಲಿಯಂ ಒಳ್ಳೆಯದೋ, ಫ್ಲೋರಿನ್ ಒಳ್ಳೆಯದೋ

ಫೋನ್ ಮಾಡಿ ವಿಚಾರಿಸಿದಾಗ ಒಂದು ಸೆಂಟರಿನವರು "ಗ್ಯಾಲಿಯಂ ಪಿಎಸ್‌ಎಂಎ" ಅನ್ನುತ್ತಾರೆ, ಇನ್ನೊಬ್ಬರು "ಎಫ್-18 ಪಿಎಸ್‌ಎಂಎ" ಅನ್ನುತ್ತಾರೆ. ಯಾವುದಾದರೂ ಸರಿ, ಎರಡೂ ಒಳ್ಳೆಯವೇ. ವ್ಯತ್ಯಾಸ ಗೊತ್ತಿದ್ದರೆ ಅನುಕೂಲ ಅಷ್ಟೇ.

ಗ್ಯಾಲಿಯಂ-68 ಜನರೇಟರ್ ಅನ್ನುವ ಸಣ್ಣ ಸಾಧನದಿಂದ ಆಸ್ಪತ್ರೆಯಲ್ಲೇ ಸಿಗುತ್ತದೆ. ಅದರೊಳಗೆ ಜರ್ಮೇನಿಯಂ-68 ಇರುತ್ತದೆ, ಅದು ನಿಧಾನಕ್ಕೆ ಗ್ಯಾಲಿಯಂ ಆಗುತ್ತಾ ಹೋಗುತ್ತದೆ. ಹಸುವಿನ ಹಾಲು ಕರೆದ ಹಾಗೆ ಬೆಳಿಗ್ಗೆ ಒಂದು ಸಲ ಕರೆದರೆ ಮತ್ತೆ ತುಂಬಿಕೊಳ್ಳಲು ಕೆಲವು ಗಂಟೆ ಬಿಡಬೇಕು. ಒಂದು ಸಲ ಕರೆದದ್ದು ಕೆಲವೇ ಜನರಿಗೆ ಸಾಕಾಗುತ್ತದೆ. ಅದರ ಶಕ್ತಿ 68 ನಿಮಿಷಕ್ಕೆ ಅರ್ಧ ಇಳಿದುಹೋಗುತ್ತದೆ. ಹಾಗಾಗಿ ನಿಮಗೆ 10 ಗಂಟೆಗೆ ಬನ್ನಿ ಅಂದಿದ್ದರೆ ಅದು 10 ಗಂಟೆಯೇ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಒಂದೂವರೆ ಗಂಟೆ ತಡವಾಗಿ ಬಂದರೆ ನಿಮ್ಮ ಪಾಲಿನ ಔಷಧದಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿಗೆ ಹೋದ ಹಾಗೆ.

ಫ್ಲೋರಿನ್-18 ಸೈಕ್ಲೋಟ್ರಾನಿನಲ್ಲಿ ತಯಾರಾಗುತ್ತದೆ. ಅರ್ಧ ಇಳಿಯಲು ಸುಮಾರು 110 ನಿಮಿಷ ಬೇಕು, ಆದ್ದರಿಂದ ಒಂದು ಕಡೆ ಮಾಡಿ ಗಾಡಿಯಲ್ಲಿ ಇನ್ನೊಂದು ಕಡೆಗೆ ಕಳಿಸಬಹುದು. ಇದರಲ್ಲಿ ಪಿಎಸ್‌ಎಂಎ-1007 ಅನ್ನುವ ಬಗೆಯದು ಮೂತ್ರದಲ್ಲಿ ಬಹಳ ಕಮ್ಮಿ ಬರುತ್ತದೆ, ಹೆಚ್ಚಿನದು ಪಿತ್ತದ ಮೂಲಕ ಹೊರಹೋಗುತ್ತದೆ. ಆಪರೇಷನ್ ಆದವರಲ್ಲಿ ಮೂತ್ರಕೋಶದ ಬುಡದಲ್ಲೇ ಕಾಯಿಲೆ ವಾಪಸ್ ಬಂದಿದೆಯಾ ಅಂತ ನೋಡಲು ಇದು ಅನುಕೂಲ. ಆದರೆ ಇದಕ್ಕೆ ಒಂದು ಕೆಟ್ಟ ಅಭ್ಯಾಸ ಇದೆ: ಪಕ್ಕೆಲುಬಿನಲ್ಲಿ, ಸೊಂಟದ ಮೂಳೆಯಲ್ಲಿ ಏನೂ ಇಲ್ಲದ ಕಡೆಯೂ ಸಣ್ಣಗೆ ಹೊಳೆಯುತ್ತದೆ. ಅದರ ವಿಚಾರ ಮುಂದೆ ಹೇಳುತ್ತೇನೆ, ಯಾಕೆಂದರೆ ರಿಪೋರ್ಟ್ ಓದಿ ಜನ ಸುಮ್ನೆ ಕಂಗಾಲಾಗುವುದು ಅಲ್ಲೇ.

ಯಾರಿಗೆ ಬೇಕು, ಯಾರಿಗೆ ಬೇಡ

ಪಿಎಸ್‌ಎ (ಪ್ರಾಸ್ಟೇಟಿನಿಂದ ರಕ್ತಕ್ಕೆ ಬರುವ ಇನ್ನೊಂದು ಪ್ರೋಟೀನು) ರಕ್ತಪರೀಕ್ಷೆಯಲ್ಲಿ ಸ್ವಲ್ಪ ಜಾಸ್ತಿ ಬಂತು ಅಂದ ತಕ್ಷಣ ಈ ಸ್ಕ್ಯಾನಿಗೆ ಓಡುವುದು ಬೇಡ. ಪಿಎಸ್‌ಎ ಮೂತ್ರದ ಸೋಂಕಿಗೂ ಏರುತ್ತದೆ, ವಯಸ್ಸಿಗೆ ಪ್ರಾಸ್ಟೇಟ್ ಊದಿಕೊಂಡರೂ ಏರುತ್ತದೆ, ಮೂತ್ರಕ್ಕೆ ಪೈಪ್ ಹಾಕಿದ್ದರೂ ಏರುತ್ತದೆ. ಮೊದಲು ಯೂರಾಲಜಿಸ್ಟ್ ನೋಡಬೇಕು, ಆಮೇಲೆ ಎಂಆರ್‌ಐ, ಅದರಲ್ಲಿ ಅನುಮಾನ ಇದ್ದರೆ ಬಯಾಪ್ಸಿ. ಕ್ಯಾನ್ಸರ್ ಅಂತ ಖಚಿತ ಮಾಡುವುದು ಬಯಾಪ್ಸಿಯೇ. ಪೆಟ್ ಅದರ ಜಾಗಕ್ಕೆ ಬರುವುದಿಲ್ಲ.

ಇನ್ನೊಂದು ಮಾತು. ಪ್ರಾಸ್ಟೇಟ್ ಊತಕ್ಕೆ ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಮಾತ್ರೆಯನ್ನು ಆರು ತಿಂಗಳಿಗಿಂತ ಜಾಸ್ತಿ ತಗೊಳ್ಳುತ್ತಿದ್ದರೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿದು ಕಾಣುತ್ತದೆ. 3 ಅಂತ ಬಂದದ್ದು ನಿಜದಲ್ಲಿ 6ರ ಹತ್ತಿರ ಇರಬಹುದು. ಈ ಮಾತ್ರೆಯ ಹೆಸರನ್ನು ಡಾಕ್ಟರಿಗೆ ಹೇಳಲೇಬೇಕು, ಎಷ್ಟೋ ಜನ "ಅದು ಮೂತ್ರಕ್ಕೆ ಕೊಟ್ಟಿದ್ದ ಮಾತ್ರೆ ಅಷ್ಟೇ" ಅಂತ ಹೇಳದೇ ಬಿಡುತ್ತಾರೆ.

ಬಯಾಪ್ಸಿಯಲ್ಲಿ ಗ್ಲೀಸನ್ (ಕ್ಯಾನ್ಸರ್ ಎಷ್ಟು ಜೋರಿನದು ಅನ್ನುವ ಅಂಕ, ಜಾಸ್ತಿ ಆದಷ್ಟೂ ಅಪಾಯ ಜಾಸ್ತಿ) 3+3 ಅಂತ ಬಂದು, ಪಿಎಸ್‌ಎ 10ರ ಒಳಗಿದ್ದು, ಡಾಕ್ಟರ್ ಕೂಡ ಅಪಾಯ ಕಮ್ಮಿ ಅಂದಿದ್ದರೆ ಸಾಮಾನ್ಯವಾಗಿ ಈ ಸ್ಕ್ಯಾನ್ ಬೇಕಾಗುವುದಿಲ್ಲ. ಆ ದುಡ್ಡು ಉಳಿಸಿ. ಗ್ಲೀಸನ್ 4+3 ಅಥವಾ 8, 9, 10 ಬಂದಿದ್ದರೆ, ಪಿಎಸ್‌ಎ 20 ದಾಟಿದ್ದರೆ, ಗಡ್ಡೆ ಪ್ರಾಸ್ಟೇಟಿನ ಗೋಡೆ ದಾಟಿದ ಹಾಗೆ ಎಂಆರ್‌ಐಯಲ್ಲಿ ಕಂಡಿದ್ದರೆ, ಆಪರೇಷನ್ನೋ ಕರೆಂಟ್ (ರೇಡಿಯೇಷನ್ ಚಿಕಿತ್ಸೆ) ಕೊಡುವುದೋ ಅಂತ ತೀರ್ಮಾನ ಮಾಡುವ ಮುಂಚೆ ಪಿಎಸ್‌ಎಂಎ ಪೆಟ್ ಮಾಡಿಸುವುದು ಸರಿ. ಮೂಳೆಗೆ ಆಗಲೇ ಹರಡಿದೆ ಅಂತ ಗೊತ್ತಾದರೆ ಬರೀ ಪ್ರಾಸ್ಟೇಟ್ ತೆಗೆದುಹಾಕಿ ಕಾಯಿಲೆ ಮುಗಿಯಿತು ಅನ್ನುವ ಹಾಗಿರುವುದಿಲ್ಲ, ಇಡೀ ಯೋಜನೆಯೇ ಬದಲಾಗುತ್ತದೆ.

ಎರಡನೇ ಗುಂಪು, ಚಿಕಿತ್ಸೆ ಮುಗಿದ ಮೇಲೆ ಪಿಎಸ್‌ಎ ಮತ್ತೆ ಏರುತ್ತಿರುವವರು. ಪ್ರಾಸ್ಟೇಟ್ ಪೂರ್ತಿ ತೆಗೆದ ಮೇಲೆ ಪಿಎಸ್‌ಎ ಲೆಕ್ಕಕ್ಕೇ ಸಿಗದಷ್ಟು ಇಳಿಯಬೇಕು. ಅದು 0.2 ಮುಟ್ಟಿ, ಇನ್ನೊಂದು ಸಲ ಪರೀಕ್ಷೆ ಮಾಡಿದಾಗಲೂ ಅಷ್ಟೋ ಅದಕ್ಕಿಂತ ಜಾಸ್ತಿಯೋ ಬಂದರೆ ಕಾಯಿಲೆ ವಾಪಸ್ ಬಂದಿದೆ ಅಂತ ಲೆಕ್ಕ. ಕರೆಂಟ್ ಕೊಟ್ಟಿದ್ದವರಲ್ಲಿ ಲೆಕ್ಕ ಬೇರೆ: ಅತಿ ಕೆಳಗಿಳಿದ ಅಂಕಿಗಿಂತ 2 ಜಾಸ್ತಿ ಆದರೆ.

ಇಲ್ಲಿ ಒಂದು ಸಿಕ್ಕು ಇದೆ, ದಯವಿಟ್ಟು ನಿಧಾನಕ್ಕೆ ಓದಿ. ಪಿಎಸ್‌ಎ ಕಮ್ಮಿ ಇದ್ದಷ್ಟೂ ಸ್ಕ್ಯಾನಿನಲ್ಲಿ ಏನಾದರೂ ಕಾಣುವ ಸಾಧ್ಯತೆ ಕಮ್ಮಿ. ಹಲವಾರು ಅಧ್ಯಯನಗಳನ್ನು ಸೇರಿಸಿ 2020ರಲ್ಲಿ ಮಾಡಿದ ಒಂದು ಲೆಕ್ಕದ ಪ್ರಕಾರ ಪಿಎಸ್‌ಎ 0.2ಕ್ಕಿಂತ ಕೆಳಗಿದ್ದಾಗ 100ರಲ್ಲಿ 33 ಜನರಿಗೆ ಮಾತ್ರ ಗ್ಯಾಲಿಯಂ ಸ್ಕ್ಯಾನಿನಲ್ಲಿ ಏನಾದರೂ ಕಾಣಿಸಿತು, 0.2ರಿಂದ 0.5ರ ತನಕ ಇದ್ದಾಗ 45, ಒಂದರ ತನಕ 59, ಎರಡರ ತನಕ 75, ಎರಡು ದಾಟಿದ ಮೇಲೆ 95. ಇದನ್ನು ನೋಡಿದ ಯಾರಿಗಾದರೂ ಅನ್ನಿಸುತ್ತದೆ, ಹಾಗಾದರೆ ಪಿಎಸ್‌ಎ 2 ಆಗುವವರೆಗೆ ಕಾಯೋಣ, ಆಗ ಸರಿಯಾಗಿ ಕಾಣುತ್ತದೆ ಅಂತ. ಹಾಗೆ ಮಾಡಬೇಡಿ. ಆಪರೇಷನ್ ಆದವರಿಗೆ ಆ ಜಾಗಕ್ಕೆ ಕೊಡುವ ಕರೆಂಟ್ ಚೆನ್ನಾಗಿ ಕೆಲಸ ಮಾಡುವುದು ಪಿಎಸ್‌ಎ ಕಮ್ಮಿ ಇರುವಾಗಲೇ, 0.5ರ ಒಳಗಿದ್ದರೆ ಇನ್ನೂ ಒಳ್ಳೆಯದು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ ಅಂದ ಮಾತ್ರಕ್ಕೆ ಆ ಚಿಕಿತ್ಸೆಯನ್ನು ಮುಂದೂಡುವುದು ತಪ್ಪು. ಕಾಣದಿರುವುದು ಅಂದರೆ ಇನ್ನೂ ಚಿಕ್ಕದಿದೆ ಅಂತ ಇರಬಹುದು, ಚಿಕ್ಕದಿರುವಾಗಲೇ ಅಲ್ವಾ ಹಿಡಿಯಬೇಕಾದ್ದು.

ಹಾರ್ಮೋನ್ ಇಂಜೆಕ್ಷನ್ನಿಗೆ ಮುಂಚೆ

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲಿ. ಬಯಾಪ್ಸಿ ರಿಪೋರ್ಟ್ ಬಂದ ದಿನವೇ ಗಂಡಸಿನ ಹಾರ್ಮೋನ್ ಇಳಿಸುವ ಲ್ಯೂಪ್ರೊಲೈಡ್ ಅಥವಾ ಡೆಗರೆಲಿಕ್ಸ್ ಇಂಜೆಕ್ಷನ್ ಹಾಕಿಸಿಕೊಂಡು, ಎರಡು ಮೂರು ತಿಂಗಳಾದ ಮೇಲೆ ಸ್ಕ್ಯಾನಿಗೆ ಬರುತ್ತಾರೆ. ಅಷ್ಟು ಹೊತ್ತಿಗೆ ಗಡ್ಡೆಗಳು ಕುಗ್ಗಿರುತ್ತವೆ. ಮೊದಲು ಐದು ಜಾಗದಲ್ಲಿ ಇದ್ದದ್ದು ಎರಡೇ ಜಾಗದಲ್ಲಿ ಕಾಣಬಹುದು. ಕಾಯಿಲೆ ಮೊದಲಿಗೆ ಎಲ್ಲೆಲ್ಲಿ ಇತ್ತು ಅನ್ನುವ ನಕ್ಷೆ ಆಮೇಲೆ ಸಿಗುವುದೇ ಇಲ್ಲ, ಮುಂದೆ ಯಾವ ಜಾಗಕ್ಕೆ ಕರೆಂಟ್ ಕೊಡಬೇಕು ಅಂತ ಡಾಕ್ಟರ್ ಯೋಚಿಸುವಾಗ ಆ ನಕ್ಷೆಯೇ ಬೇಕಾಗಿರುತ್ತದೆ. ಬೀಜ (ವೃಷಣ) ತೆಗೆಯುವ ಆಪರೇಷನ್ನಿಗೂ ಇದೇ ಮಾತು, ಅದೂ ಹಾರ್ಮೋನ್ ಚಿಕಿತ್ಸೆಯೇ.

ಹಾಗಾಗಿ ಇಂಜೆಕ್ಷನ್ ಬರೆದುಕೊಟ್ಟಾಗ ಕೇಳಿ: "ಸಾರ್, ಇದಕ್ಕೆ ಮುಂಚೆ ಪಿಎಸ್‌ಎಂಎ ಪೆಟ್ ಮಾಡಿಸಿಬಿಡಬಹುದಾ?" ಒಂದು ವಾರ ಹತ್ತು ದಿನದ ಮಟ್ಟಿಗೆ ತಡೆಯಬಹುದಾ ಅಂತ ಅವರೇ ಹೇಳುತ್ತಾರೆ. ಹೆಚ್ಚಿನ ಸಲ ತಡೆಯಬಹುದು.

ತಡೆಯಲಾಗದ ಸಂದರ್ಭವೂ ಇದೆ. ಬೆನ್ನು ಜೋರಾಗಿ ನೋಯುತ್ತಾ ಕಾಲಿನ ಶಕ್ತಿ ಹೋಗುತ್ತಿದ್ದರೆ, ಕಾಲು ಜೋಮು ಹಿಡಿಯುತ್ತಿದ್ದರೆ, ಇದ್ದಕ್ಕಿದ್ದ ಹಾಗೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಬೆನ್ನುಹುರಿ ಒತ್ತಿಕೊಂಡಿರಬಹುದು. ಆಗ ಪೆಟ್ ಸ್ಕ್ಯಾನಿನ ಅಪಾಯಿಂಟ್‌ಮೆಂಟಿಗೆ ಕಾಯುತ್ತಾ ಕೂರಬೇಡಿ. ಅದೇ ಗಂಟೆಯಲ್ಲಿ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ತಡ ಆದರೆ ಕಾಲಿನ ಶಕ್ತಿ ವಾಪಸ್ ಬರದೇ ಹೋಗಬಹುದು.

ಹೋಗುವ ಮುಂಚೆ

ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಮೂರು ವಿಷಯ ಕೇಳಿಕೊಳ್ಳಿ. ಯಾವ ಟ್ರೇಸರ್, ಪೆಟ್ ಜೊತೆಗೇ ಮಾಡುವ ಸಿಟಿಗೆ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲಿ ಅಂತ ಚುಚ್ಚುವ ಔಷಧ) ಹಾಕುತ್ತಾರಾ, ಖಾಲಿ ಹೊಟ್ಟೆಯಲ್ಲಿ ಬರಬೇಕಾ. ಎಫ್‌ಡಿಜಿಗೆ ಉಪವಾಸ ಬೇಕೇ ಬೇಕು, ಶುಗರ್ ಹಿಡಿತದಲ್ಲಿರಬೇಕು. ಪಿಎಸ್‌ಎಂಎಗೆ ಅದರ ಕಟ್ಟುಪಾಡು ಇಲ್ಲ, ಶುಗರ್ ಇರುವವರು ತಮ್ಮ ಊಟ ಮಾತ್ರೆ ಎಂದಿನಂತೆ ತಗೊಳ್ಳಬಹುದು. ಆದರೆ ಕಾಂಟ್ರಾಸ್ಟ್ ಹಾಕುವುದಾದರೆ ಕೆಲವು ಗಂಟೆ ಏನೂ ತಿನ್ನಬೇಡಿ ಅನ್ನುತ್ತಾರೆ, ಇತ್ತೀಚಿನ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ರಿಪೋರ್ಟ್ ಕೇಳುತ್ತಾರೆ. ಕಿಡ್ನಿ ಸ್ವಲ್ಪ ಹಾಳಾಗಿದ್ದು ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಅದನ್ನು ನಿಲ್ಲಿಸಬೇಕಾ, ಎಷ್ಟು ದಿನ ಅಂತ ಆಗಲೇ ಕೇಳಿ. ನೀವಾಗಿಯೇ ಯಾವ ಮಾತ್ರೆಯನ್ನೂ ಬಿಡಬೇಡಿ, ಬಿಪಿ ಮಾತ್ರೆಯಂತೂ ಬಿಡಲೇಬೇಡಿ.

ಜೊತೆಗೆ ಏನು ತರಬೇಕು? ಇಲ್ಲಿಯ ತನಕದ ಎಲ್ಲಾ ಪಿಎಸ್‌ಎ ರಿಪೋರ್ಟು, ದಿನಾಂಕದ ಸಮೇತ. ಬಯಾಪ್ಸಿ ರಿಪೋರ್ಟು. ಎಂಆರ್‌ಐ ಅಥವಾ ಹಳೇ ಪೆಟ್ ಆಗಿದ್ದರೆ ಅದರ ಸಿಡಿ, ಬರೀ ಕಾಗದ ಸಾಲದು. ಆಪರೇಷನ್ ಆದ ದಿನ, ಕರೆಂಟ್ ಮುಗಿದ ದಿನ, ಹಾರ್ಮೋನ್ ಇಂಜೆಕ್ಷನ್ ಹಾಕಿಸಿದ ದಿನ. ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ತಂದರೆ ರಿಪೋರ್ಟ್ ಬರೆಯುವ ಡಾಕ್ಟರಿಗೆ ಎಷ್ಟು ಉಪಕಾರ ಅಂತ ಹೇಳಲು ಸಾಧ್ಯವಿಲ್ಲ. ಇನ್ನೂ ಎರಡು ವಿಷಯ ಮರೆಯದೆ ಬರೆಯಿರಿ: ಹಿಂದೆ ಯಾವಾಗಲಾದರೂ ಬಿದ್ದು ಪಕ್ಕೆಲುಬೋ ಸೊಂಟವೋ ಮುರಿದಿತ್ತಾ, ಟಿಬಿ ಆಗಿತ್ತಾ. ಮುರಿದು ಕೂಡಿಕೊಳ್ಳುತ್ತಿರುವ ಮೂಳೆ ಪಿಎಸ್‌ಎಂಎಯಲ್ಲಿ ಹೊಳೆಯುತ್ತದೆ. ಟಿಬಿಯ ಗಂಟುಗಳೂ ಹೊಳೆಯಬಹುದು. ಬಚ್ಚಲಲ್ಲಿ ಜಾರಿ ಬಿದ್ದದ್ದನ್ನು ಯಾರೂ ಡಾಕ್ಟರಿಗೆ ಹೇಳುವುದಿಲ್ಲ, ಆಮೇಲೆ ರಿಪೋರ್ಟಿನಲ್ಲಿ ಪಕ್ಕೆಲುಬಿಗೆ ಕ್ಯಾನ್ಸರ್ ಹರಡಿರಬಹುದು ಅಂತ ಓದಿ ಮನೆಯವರೆಲ್ಲ ರಾತ್ರಿ ನಿದ್ದೆಗೆಡುತ್ತಾರೆ.

ದೂರದ ಊರಿಂದ ಬೆಂಗಳೂರಿಗೋ ಬೇರೆ ದೊಡ್ಡ ಊರಿಗೋ ಬರುವವರು ಸಾಧ್ಯವಾದರೆ ಹಿಂದಿನ ಸಂಜೆಯೇ ಬಂದು ಉಳಿದುಕೊಳ್ಳಿ. ಟ್ರೇಸರ್ ಅಂದಂದೇ ತಯಾರಾಗುವ ಔಷಧ, ತಯಾರಾದ ಮೇಲೆ ಗುಣಮಟ್ಟದ ಪರೀಕ್ಷೆ ಆಗಬೇಕು. ಅದರಲ್ಲಿ ಪಾಸಾಗದಿದ್ದರೆ ಆ ದಿನದ ಸ್ಕ್ಯಾನ್ ಮುಂದಕ್ಕೆ ಹೋಗುತ್ತದೆ. ಬೇಜಾರಿನ ಸಂಗತಿ ನಿಜ, ಆದರೆ ಸರಿಯಿಲ್ಲದ ಔಷಧ ಚುಚ್ಚುವುದಕ್ಕಿಂತ ವಾಪಸ್ ಕಳಿಸುವುದೇ ಮೇಲು. ಅದಕ್ಕೆ ಒಂದು ದಿನ ಕೈಯಲ್ಲಿ ಜಾಸ್ತಿ ಇಟ್ಟುಕೊಂಡೇ ಹೊರಡಿ.

ಆ ದಿನ ಏನಾಗುತ್ತದೆ

ಕೈಗೆ ಒಂದು ಸೂಜಿ ಹಾಕಿ ಔಷಧ ಕೊಡುತ್ತಾರೆ. ಉರಿ ಇಲ್ಲ, ಬಿಸಿ ಅನ್ನಿಸುವುದಿಲ್ಲ. ಗ್ಯಾಲಿಯಂ ಆದರೆ ಸುಮಾರು ಒಂದು ಗಂಟೆ ಕೂರಬೇಕು, ಪಿಎಸ್‌ಎಂಎ-1007 ಆದರೆ ಒಂದೂವರೆಯಿಂದ ಎರಡು ಗಂಟೆ. ಔಷಧ ಅಂಟಬೇಕಾದ ಕಡೆ ಅಂಟಿ, ಉಳಿದದ್ದು ರಕ್ತದಿಂದ ಹೊರಗೆ ಹೋಗಲಿ ಅಂತ ಈ ಕಾಯುವಿಕೆ. ಈ ಹೊತ್ತಿನಲ್ಲಿ ನೀರು ಕುಡಿಯುತ್ತಾ ಇರಿ. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರು ಅಳತೆ ಮಾಡಿ ಕುಡಿಯಿರಿ ಅಂದಿದ್ದರೆ ಅಲ್ಲಿನವರಿಗೆ ಮೊದಲೇ ಹೇಳಿ. ಕೆಲವು ಕಡೆ ಮೂತ್ರ ಜಾಸ್ತಿ ಬರಲಿ ಅಂತ ಲಾಸಿಕ್ಸ್ ಇಂಜೆಕ್ಷನ್ನೂ ಕೊಡುತ್ತಾರೆ, ಬಿಪಿ ಇಳಿಯುವ ಸ್ವಭಾವ ಇದ್ದರೆ ಅದನ್ನೂ ಹೇಳಿ.

ಸ್ಕ್ಯಾನಿಗೆ ಕರೆಯುವ ಮುಂಚೆ ಪೂರ್ತಿ ಮೂತ್ರ ಮಾಡಿ ಬರಬೇಕು. ಅವಸರ ಮಾಡಬೇಡಿ. ಗ್ಯಾಲಿಯಂ ಟ್ರೇಸರ್ ಮೂತ್ರದಲ್ಲೇ ಹೊರಗೆ ಬರುವುದು, ಆದ್ದರಿಂದ ಒಳಚಡ್ಡಿಯ ಮೇಲೋ ಪಂಚೆಯ ಮೇಲೋ ಒಂದೆರಡು ಹನಿ ಬಿದ್ದರೂ ಚಿತ್ರದಲ್ಲಿ ಅದು ಹೊಳೆಯುವ ಚುಕ್ಕೆಯಾಗಿ ಬಂದು ತಪ್ಪು ಅನುಮಾನಕ್ಕೆ ದಾರಿ ಮಾಡುತ್ತದೆ. ಈ ವಯಸ್ಸಿನಲ್ಲಿ, ಅದರಲ್ಲೂ ಆಪರೇಷನ್ ಆದವರಿಗೆ, ಮೂತ್ರ ಸೋರುವುದು ತೀರಾ ಸಾಮಾನ್ಯ. ಅದಕ್ಕೆ ನಾಚಿಕೆ ಬೇಡ. ಒಂದು ಜೊತೆ ಬಟ್ಟೆ ಜಾಸ್ತಿ ತನ್ನಿ, ಬಿದ್ದಿದ್ದರೆ ಟೆಕ್ನಿಷಿಯನ್ನಿಗೆ ಹೇಳಿ, ಬಟ್ಟೆ ಬದಲಾಯಿಸಿ ಹೋಗಿ. ಪೈಪ್ ಹಾಕಿದವರಾದರೆ ಚೀಲ ಖಾಲಿ ಮಾಡಿಸಿ.

ಲೋಹದ ವಸ್ತುಗಳನ್ನು ತೆಗೆದಿಡಬೇಕು, ಸಿಟಿ ಚಿತ್ರದಲ್ಲಿ ಅವು ಗೆರೆ ಗೆರೆಯಾಗಿ ಅಡ್ಡ ಬರುತ್ತವೆ. ಬೆಲ್ಟು, ಸರ, ಬೆಳ್ಳಿಯ ಉಡಿದಾರ. ಎದೆಯ ಮೇಲೆ ಇಷ್ಟಲಿಂಗದ ಕರಡಿಗೆ ಧರಿಸುವವರು ಅದನ್ನು ತೆಗೆಯಲು ಹಿಂಜರಿಯುತ್ತಾರೆ, ಅದು ಸಹಜ. ಜೊತೆಗೆ ಬಂದ ಮನೆಯವರ ಕೈಯಲ್ಲಿ ಆ ಅರ್ಧ ಗಂಟೆ ಇರಲಿ, ಮೇಜಿನಿಂದ ಇಳಿದ ಕೂಡಲೇ ಧರಿಸಬಹುದು. ಪೇಸ್‌ಮೇಕರ್ ಇದ್ದವರು, ಮಂಡಿಗೋ ಸೊಂಟಕ್ಕೋ ಲೋಹದ ಕೀಲು ಹಾಕಿಸಿದವರು ಹೆದರಬೇಕಿಲ್ಲ. ಎಂಆರ್‌ಐನಂಥ ಅಯಸ್ಕಾಂತ ಇಲ್ಲಿಲ್ಲ. ಇದೆ ಅಂತ ತಿಳಿಸಿದರೆ ಸಾಕು.

ಸ್ಕ್ಯಾನ್ 20ರಿಂದ 30 ನಿಮಿಷ, ಕೈ ತಲೆಯ ಮೇಲೆತ್ತಿ ಅಲ್ಲಾಡದೆ ಮಲಗಬೇಕು. ವಯಸ್ಸಾದವರಿಗೆ ನಿಜವಾಗಿ ಕಷ್ಟ ಆಗುವುದು ಇದೊಂದೇ. ಭುಜ ಹಿಡಿದುಕೊಂಡಿದ್ದರೆ, ಬೆನ್ನು ನೋವಿಗೆ ಅಂಗಾತ ಮಲಗಲು ಆಗದಿದ್ದರೆ, ನೋವಿನ ಮಾತ್ರೆಯನ್ನು ಯಾವಾಗ ತಗೊಳ್ಳಬಹುದು ಅಂತ ಕೇಳಿ ಮುಂಚೆಯೇ ತಗೊಂಡಿರಿ. ಮಂಡಿಯ ಕೆಳಗೆ ದಿಂಬು ಕೇಳಿ, ಕೊಡುತ್ತಾರೆ. ಮಧ್ಯದಲ್ಲಿ ಅಲ್ಲಾಡಿದರೆ ಪೆಟ್ ಚಿತ್ರ ಒಂದು ಕಡೆ, ಸಿಟಿ ಚಿತ್ರ ಒಂದು ಕಡೆ ಆಗಿ, ಹೊಳೆಯುವ ಚುಕ್ಕೆ ಯಾವ ಮೂಳೆಯದ್ದು ಅಂತಲೇ ತಿಳಿಯದ ಹಾಗಾಗುತ್ತದೆ.

ಮನೆಗೆ ಹೋದ ಮೇಲೆ ನೀರು ಜಾಸ್ತಿ ಕುಡಿದು ಆಗಾಗ ಮೂತ್ರ ಮಾಡಿ, ಕೂತುಕೊಂಡೇ ಮಾಡಿ, ನೀರು ಚೆನ್ನಾಗಿ ಬಿಡಿ. ಗರ್ಭಿಣಿ ಮಗಳೋ ಸೊಸೆಯೋ ಮನೆಯಲ್ಲಿದ್ದರೆ ಆ ದಿನ ಸ್ವಲ್ಪ ದೂರ ಇರಿ, ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಮಾರನೇ ದಿನಕ್ಕಿರಲಿ. ಗ್ಯಾಲಿಯಂ ಆದರೆ 12 ಗಂಟೆಯಲ್ಲಿ ಸಾವಿರದಲ್ಲೊಂದು ಪಾಲೂ ಉಳಿದಿರುವುದಿಲ್ಲ, ಫ್ಲೋರಿನ್ ಆದರೆ ಅಷ್ಟು ಇಳಿಯಲು ಸುಮಾರು 18 ಗಂಟೆ. ಅದೇ ತಟ್ಟೆಯಲ್ಲಿ ಊಟ ಮಾಡಬಾರದು, ಬೇರೆ ಕೋಣೆಯಲ್ಲಿ ವಾರಗಟ್ಟಲೆ ಮಲಗಬೇಕು ಅನ್ನುವುದೆಲ್ಲ ಇಲ್ಲ.

ರಿಪೋರ್ಟ್ ಕೈಗೆ ಬಂದಾಗ

ಮೊದಲು ಪುಟದ ಮೇಲ್ಭಾಗ ನೋಡಿ. ಟ್ರೇಸರ್ ಹೆಸರು, ಕೊಟ್ಟ ಪ್ರಮಾಣ, ಎಷ್ಟು ಹೊತ್ತು ಬಿಟ್ಟು ಚಿತ್ರ ತೆಗೆದರು ಅಂತ ಇರಬೇಕು. ಆಮೇಲೆ ಪ್ರಾಸ್ಟೇಟ್, ದುಗ್ಧಗ್ರಂಥಿ, ಮೂಳೆ, ಉಳಿದ ಅಂಗಗಳು ಅಂತ ಒಂದೊಂದಾಗಿ ಬರೆದಿರುತ್ತಾರೆ. ಜೊಲ್ಲುಗ್ರಂಥಿ, ಕಣ್ಣೀರಿನ ಗ್ರಂಥಿ, ಕಿಡ್ನಿ, ಸಣ್ಣ ಕರುಳಿನ ಮೇಲ್ಭಾಗ, ಯಕೃತ್ತು, ಗುಲ್ಮ ಇವೆಲ್ಲ ಎಲ್ಲರಲ್ಲೂ ಹೊಳೆಯುತ್ತವೆ. ಬಣ್ಣದ ಚಿತ್ರದಲ್ಲಿ ಮುಖದ ಎರಡೂ ಕಡೆ, ಹೊಟ್ಟೆಯ ಎರಡೂ ಕಡೆ ಗಾಢವಾಗಿ ಕಂಡರೆ ಗಾಬರಿಯಾಗಬೇಡಿ, ಅದು ಹಾಗೇ ಇರಬೇಕು.

ಎಸ್‌ಯುವಿ ಮ್ಯಾಕ್ಸ್ ಅಂತ ಒಂದು ಅಂಕಿ ಪದೇ ಪದೇ ಬರುತ್ತದೆ. ಆ ಜಾಗ ಎಷ್ಟು ಔಷಧ ಹಿಡಿದುಕೊಂಡಿದೆ ಅನ್ನುವ ಅಳತೆ ಅದು. ಜನ ಇದನ್ನು ಕಾಯಿಲೆಯ ಹಂತ ಅಂದುಕೊಂಡು "ನಮ್ಮ ಯಜಮಾನರಿಗೆ 18 ಬಂದಿದೆ, ಪಕ್ಕದವರಿಗೆ 9" ಅಂತ ಹೋಲಿಸುತ್ತಾರೆ. ಹೋಲಿಸಬೇಡಿ. ಟ್ರೇಸರ್ ಬೇರೆಯಾದರೆ, ಮಿಷನ್ ಬೇರೆಯಾದರೆ, ಕಾದ ಹೊತ್ತು ಬೇರೆಯಾದರೆ ಅಂಕಿ ಬದಲಾಗುತ್ತದೆ. ಅನುಭವಿ ಡಾಕ್ಟರುಗಳು ಆ ಚುಕ್ಕೆಯ ಹೊಳಪನ್ನು ಅದೇ ವ್ಯಕ್ತಿಯ ಯಕೃತ್ತಿನ ಜೊತೆ, ಜೊಲ್ಲುಗ್ರಂಥಿಯ ಜೊತೆ ಹೋಲಿಸಿ ನೋಡುತ್ತಾರೆ, ಅದಕ್ಕೆ ಬೆಲೆ ಜಾಸ್ತಿ.

ಈಗ ಆ ಪಕ್ಕೆಲುಬಿನ ಮಾತು. ಒಂದೇ ಒಂದು ಪಕ್ಕೆಲುಬಿನಲ್ಲಿ ಸಣ್ಣ ಹೊಳಪು, ಸಿಟಿಯಲ್ಲಿ ಆ ಜಾಗದಲ್ಲಿ ಏನೂ ಕಾಣುತ್ತಿಲ್ಲ, ಬೇರೆ ಮೂಳೆಗಳೆಲ್ಲ ಚೆನ್ನಾಗಿವೆ. ಇಂಥದ್ದು ಬಹುತೇಕ ಕ್ಯಾನ್ಸರ್ ಆಗಿರುವುದಿಲ್ಲ. ಪಿಎಸ್‌ಎಂಎ-1007ನಲ್ಲಂತೂ ಇದು ದಿನನಿತ್ಯದ ನೋಟ. ಹಾಗೆಯೇ ಬೆನ್ನುಮೂಳೆಯ ಪಕ್ಕದಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿರುವ ನರಗಂಟುಗಳು ಹೊಳೆದು ದುಗ್ಧಗ್ರಂಥಿಯಂತೆ ಮೋಸ ಮಾಡುತ್ತವೆ. ಬೆನ್ನುಮೂಳೆಯೊಳಗಿನ ರಕ್ತನಾಳದ ನಿರಪಾಯ ಗಂಟು, ಪ್ಯಾಜೆಟ್ ಅನ್ನುವ ಮೂಳೆಯ ಕಾಯಿಲೆ, ಹಳೇ ಮುರಿತ ಎಲ್ಲವೂ ಈ ಪಟ್ಟಿಯಲ್ಲಿವೆ. ಈ ಒಂದು ಚುಕ್ಕೆಯ ಮೇಲೆ ಇಡೀ ಚಿಕಿತ್ಸೆ ನಿಂತಿದೆ ಅನ್ನುವಂತಿದ್ದರೆ, ಅಂದರೆ ಆಪರೇಷನ್ ಮಾಡಬಹುದಾಗಿದ್ದ ಮನುಷ್ಯನನ್ನು "ಮೂಳೆಗೆ ಹರಡಿದೆ" ಅಂತ ವಾಪಸ್ ಕಳಿಸುವ ಹಂತದಲ್ಲಿದ್ದರೆ, ಎಂಆರ್‌ಐ ಅಥವಾ ಮೂಳೆಯ ಬಯಾಪ್ಸಿ ಮಾಡಿ ಖಚಿತ ಮಾಡಬಹುದಾ ಅಂತ ಕೇಳುವುದು ನಿಮ್ಮ ಹಕ್ಕು. ಕೇಳಿ. ಒಳ್ಳೆಯ ಡಾಕ್ಟರ್ ಇದಕ್ಕೆ ಸಿಟ್ಟಾಗುವುದಿಲ್ಲ.

ಉಲ್ಟಾ ಕೂಡ ಆಗುತ್ತದೆ. ನಾಲ್ಕೈದು ಮಿಲಿಮೀಟರಿಗಿಂತ ಚಿಕ್ಕ ಗಂಟುಗಳನ್ನು ಈ ಸ್ಕ್ಯಾನ್ ಬಿಟ್ಟುಬಿಡಬಹುದು. 100ರಲ್ಲಿ 5ರಿಂದ 10 ಜನರ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಪಿಎಸ್‌ಎಂಎ ಅಷ್ಟಾಗಿ ಇರುವುದೇ ಇಲ್ಲ, ಅಂಥವರ ಸ್ಕ್ಯಾನ್ ಖಾಲಿ ಬರುತ್ತದೆ. ಪಿಎಸ್‌ಎ ಜೋರಾಗಿ ಏರುತ್ತಿದ್ದು ಸ್ಕ್ಯಾನ್ ಮಾತ್ರ ಏನೂ ತೋರಿಸುತ್ತಿಲ್ಲ ಅಂದರೆ, ಅಥವಾ ಬಯಾಪ್ಸಿಯಲ್ಲಿ ನ್ಯೂರೋಎಂಡೋಕ್ರೈನ್ ಅನ್ನುವ ಪದ ಇದ್ದರೆ, ಆಗ ಎಫ್‌ಡಿಜಿ ಉಪಯೋಗಕ್ಕೆ ಬರುತ್ತದೆ.

ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ಹಂತದಲ್ಲೂ ಎಷ್ಟೋ ಕಡೆ ಎರಡನ್ನೂ ಮಾಡಿಸುತ್ತಾರೆ. ಆ ಹಂತದಲ್ಲಿ ಲುಟೀಷಿಯಂ-177 ಪಿಎಸ್‌ಎಂಎ ಅನ್ನುವ ಚಿಕಿತ್ಸೆ ಇದೆ, ಅಮೆರಿಕದಲ್ಲಿ ಅದಕ್ಕೆ 2022ರ ಮಾರ್ಚಿನಲ್ಲಿ ಒಪ್ಪಿಗೆ ಸಿಕ್ಕಿತು, ನಮ್ಮ ದೇಶದ ಆಸ್ಪತ್ರೆಗಳಲ್ಲಿ ಅದಕ್ಕೂ ಮುಂಚಿನಿಂದ ಕೊಡುತ್ತಿದ್ದಾರೆ. ಸ್ಕ್ಯಾನಿನ ಟ್ರೇಸರ್ ಎಲ್ಲಿ ಅಂಟುತ್ತದೋ ಚಿಕಿತ್ಸೆಯ ಔಷಧವೂ ಅಲ್ಲಿಗೇ ಹೋಗಿ ಅಂಟಿ, ಕ್ಯಾನ್ಸರ್ ಜೀವಕೋಶಗಳನ್ನು ಒಳಗಿನಿಂದ ಸುಡುತ್ತದೆ. ಆದ್ದರಿಂದ ಪಿಎಸ್‌ಎಂಎ ಪೆಟ್‌ನಲ್ಲಿ ಗಡ್ಡೆಗಳು ಚೆನ್ನಾಗಿ ಹೊಳೆದರೆ ಮಾತ್ರ ಆ ಚಿಕಿತ್ಸೆಗೆ ಅರ್ಥ. ಎಫ್‌ಡಿಜಿಯಲ್ಲಿ ಹೊಳೆದು ಪಿಎಸ್‌ಎಂಎಯಲ್ಲಿ ಹೊಳೆಯದ ಗಡ್ಡೆಗಳು ಜಾಸ್ತಿ ಇದ್ದರೆ ಅದರಿಂದ ಲಾಭ ಕಮ್ಮಿ, ಬೇರೆ ದಾರಿ ನೋಡಬೇಕು.

ದುಡ್ಡು ಮತ್ತು ಸಿಡಿ

ಎರಡು ಮೂರು ಕಡೆ ಫೋನ್ ಮಾಡಿ ದರ ಕೇಳಿ, ವ್ಯತ್ಯಾಸ ಇರುತ್ತದೆ. ಕೇಳುವಾಗ ಕಾಂಟ್ರಾಸ್ಟ್, ಸಿಡಿ ಎಲ್ಲಾ ಸೇರಿ ಎಷ್ಟು ಅಂತ ಕೇಳಿ. ಬಿಪಿಎಲ್ ಕಾರ್ಡ್ ಇರುವವರು ಸರ್ಕಾರಿ ಅಥವಾ ಸರ್ಕಾರದ ಆರೋಗ್ಯ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರನ್ನು (ಯೋಜನೆಯ ವಿಚಾರದಲ್ಲಿ ಸಹಾಯ ಮಾಡುವ ಸಿಬ್ಬಂದಿ) ಮೊದಲು ಕಂಡು, ಈ ಸ್ಕ್ಯಾನಿಗೆ ಏನಾದರೂ ಸಹಾಯ ಇದೆಯಾ ಅಂತ ಸ್ಕ್ಯಾನಿಗೆ ಮುಂಚೆಯೇ ವಿಚಾರಿಸಬೇಕು. ಹೆಲ್ತ್ ಇನ್ಶೂರೆನ್ಸ್ ಇದ್ದವರೂ ಅಷ್ಟೇ, ಅಡ್ಮಿಟ್ ಆಗದೆ ಮಾಡಿಸುವ ಸ್ಕ್ಯಾನಿಗೆ ದುಡ್ಡು ಕೊಡುತ್ತಾರಾ ಅಂತ ಮೊದಲೇ ಕೇಳಿ, ಮಾಡಿಸಿದ ಮೇಲೆ ಬಿಲ್ ಹಿಡಿದು ಓಡಾಡುವುದು ತುಂಬಾ ಕಷ್ಟ.

ಸಿಡಿಯನ್ನು ಅಂದೇ ಅಥವಾ ರಿಪೋರ್ಟಿನ ಜೊತೆ ಕೇಳಿ ಪಡೆಯಿರಿ. ಪ್ರಿಂಟ್ ಹಾಕಿದ ಬಣ್ಣದ ಹಾಳೆಯಿಂದ ಇನ್ನೊಬ್ಬ ಡಾಕ್ಟರ್ ಏನೂ ಹೇಳಲಾರರು. ಮನೆಯಲ್ಲಿ ಒಂದು ಪೆನ್ ಡ್ರೈವಿಗೂ ನಕಲು ಮಾಡಿಟ್ಟುಕೊಳ್ಳಿ, ಸಿಡಿ ಗೀಚಿಹೋಗುತ್ತದೆ. ಮುಂದಿನ ಸಲ ಸ್ಕ್ಯಾನ್ ಬೇಕಾದರೆ ಸಾಧ್ಯವಾದಷ್ಟು ಅದೇ ಸೆಂಟರಿನಲ್ಲಿ ಅದೇ ಟ್ರೇಸರ್ ಹಾಕಿಸಿ ಮಾಡಿಸಿ, ಬೇರೆ ಕಡೆ ಹೋಗಲೇಬೇಕಾದರೆ ಹಳೇ ಸಿಡಿಯನ್ನು ಸ್ಕ್ಯಾನಿನ ದಿನವೇ ಕೌಂಟರಿನಲ್ಲಿ ಕೊಟ್ಟು "ಇದರ ಜೊತೆ ಹೋಲಿಸಿ ಬರೆಯಿರಿ" ಅಂತ ಹೇಳಿ ಬನ್ನಿ.